ಗುರುವಾರದ ಏಳನೇ ಪೀರಿಯಡ್ಡು ಮತ್ತು ‘ವಿದ್ಯಾರ್ಥಿಗಳು’ ಎಂಬ ತಂಡ

ಬೋಧನಾಭ್ಯಾಸದ ಮೂರನೇ ವಾರ, ಗುರುವಾರ, ಏಳನೇ ಅವಧಿ. ನಾನು ಒಂಬತ್ತನೇ ತರಗತಿಯ ಬಾಗಿಲಿಗೆ ಬಂದಾಗ ಅರ್ಧದಷ್ಟು ಮಕ್ಕಳು ಆಗಲೇ ಹೊರಗೆ ಹೊರಟಿದ್ದರು. ಒಬ್ಬನ ಕೈಯಲ್ಲಿ ಥ್ರೋಬಾಲ್ ಇತ್ತು. ವೇಳಾಪಟ್ಟಿಯಲ್ಲಿ ಅದು ಆಟದ ಅವಧಿ. ‘ಪೋರ್ಷನ್ ಹಿಂದೆ ಬಿದ್ದಿದೆ, ನೀವೇ ತಗೊಳ್ಳಿ’ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದರು. ನಾನು ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಿಂದಲೇ ಒಪ್ಪಿದ್ದೆ. ನ್ಯೂಟನ್ನನ ಮೂರನೇ ನಿಯಮ ಅರ್ಧಕ್ಕೆ ನಿಂತಿತ್ತು. ಮುಂದಿನ ವಾರ ಪಾಠ ವೀಕ್ಷಣೆಗೆ ನಮ್ಮ ಉಪನ್ಯಾಸಕರು ಬರುವವರಿದ್ದರು.

‘ಕೂತ್ಕೊಳ್ಳಿ, ಇವತ್ತು ಸೈನ್ಸು’ ಎಂದೆ.

ಕಿಟಕಿ ಪಕ್ಕದ ಬೆಂಚಿನಿಂದ ಒಬ್ಬ ಹುಡುಗಿ ಮೆಲ್ಲಗೆ, ಆದರೆ ನನಗೆ ಕೇಳುವ ಹಾಗೆ ಅಂದಳು: ‘ಹೋದ್ ವಾರಾನೂ ಹಿಂಗೇ ಆಯ್ತು.’

ಆ ದಿನದ ಪ್ರತಿಫಲನಾ ದಿನಚರಿಯಲ್ಲಿ ‘ಪಾಠಯೋಜನೆಯಂತೆ ಪಾಠ ಮುಗಿಯಿತು, ವಿದ್ಯಾರ್ಥಿಗಳ ಗಮನ ಸಾಧಾರಣ’ ಎಂದು ಬರೆದೆ. ಬರೆಯದೇ ಬಿಟ್ಟ ಸಂಗತಿ ಒಂದಿತ್ತು. ಪಿಯುಸಿಯಿಂದ ಬಿ.ಎಸ್ಸಿ. ಮುಗಿಯುವವರೆಗೆ ಐದು ವರ್ಷ ನಾನು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವಳು. ಆಟದ ಅವಧಿ ಕೈತಪ್ಪಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ನನಗೆ ಪುಸ್ತಕ ಓದಿ ತಿಳಿಯಬೇಕಾದ ವಿಷಯವಲ್ಲ.

ಇಂಟರ್ನ್‌ಶಿಪ್ಪಿನಲ್ಲಿ ನಾವೆಲ್ಲರೂ ಒಂದು ಸಹಪಠ್ಯ ಚಟುವಟಿಕೆ ನಡೆಸಬೇಕಷ್ಟೆ. ನನ್ನ ಪಾಲಿಗೆ ಶನಿವಾರದ ಅರ್ಧ ಗಂಟೆ ಬಂದಿತ್ತು. ಗುರುವಾರದ ಮುಜುಗರ ಇನ್ನೂ ಹೋಗಿರಲಿಲ್ಲ. ಹಾಗಾಗಿ ರಸಪ್ರಶ್ನೆಯ ಯೋಚನೆ ಬಿಟ್ಟು, ಒಂದು ಬಾಸ್ಕೆಟ್‌ಬಾಲ್ ಕ್ಲಬ್ಬಿನ ಕಥೆ ಹೇಳುತ್ತೇನೆ ಎಂದು ಮಾರ್ಗದರ್ಶಕ ಶಿಕ್ಷಕಿಗೆ ತಿಳಿಸಿದೆ. ಡಿಗ್ರಿಯಲ್ಲಿ ನಮ್ಮ ಸೀನಿಯರ್ ಆಟಗಾರ್ತಿಯೊಬ್ಬರು ಹೇಳಿದ್ದ ಮಾತು ನೆನಪಿತ್ತು: ಸ್ಪೇನಿನಲ್ಲಿ ‘ವಿದ್ಯಾರ್ಥಿಗಳು’ ಎಂಬ ಹೆಸರಿನದೇ ಒಂದು ವೃತ್ತಿಪರ ತಂಡವಿದೆ, ಅದು ಹುಟ್ಟಿದ್ದು ಒಂದು ಹೈಸ್ಕೂಲಿನಲ್ಲಿ.

ಕಪ್ಪುಹಲಗೆಯ ಮೇಲೆ ಯುರೋಪಿನ ನಕ್ಷೆ ಬರೆದು ಸ್ಪೇನನ್ನೂ ಅದರ ನಡುವೆ ಮ್ಯಾಡ್ರಿಡ್ಡನ್ನೂ ಗುರುತಿಸಿದೆ. ಕ್ಲಬ್ಬಿನ ಹೆಸರು ಎಸ್ತುದಿಯಾಂತೆಸ್. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ವಿದ್ಯಾರ್ಥಿಗಳು, ಅಷ್ಟೇ. 1948ರಲ್ಲಿ ಮ್ಯಾಡ್ರಿಡ್ಡಿನ ರಾಮಿರೊ ದೆ ಮಾಯೆಸ್ತು ಎಂಬ ಸರ್ಕಾರಿ ಪ್ರೌಢಶಾಲೆಯ ಹುಡುಗರು ಕಟ್ಟಿಕೊಂಡ ತಂಡ ಅದು. ಅವರ ಬೆನ್ನಿಗೆ ನಿಂತವರು ಆಂತೋನಿಯೊ ಮಗರಿನ್ಯೋಸ್. ಅವರು ಆಟದ ಮೇಷ್ಟ್ರೇ ಎಂದು ಮಕ್ಕಳು ಕೇಳಿದರು. ಅಲ್ಲ. ಅವರು ಲ್ಯಾಟಿನ್ ಭಾಷೆಯ ಅಧ್ಯಾಪಕರು, ಜೊತೆಗೆ ಶಾಲೆಯ ಪಾಠಪ್ರವಚನಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದವರು. ‘ಲ್ಯಾಟಿನ್ ಅಂದ್ರೆ ನಮ್ಮ ಸಂಸ್ಕೃತ ಇದ್ದಂಗೆ’ ಎಂದು ವಿವರಿಸಿದಾಗ ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ವ್ಯಾಕರಣ ಕಲಿಸುವ, ವೇಳಾಪಟ್ಟಿ ನೋಡಿಕೊಳ್ಳುವ ಮೇಷ್ಟ್ರು ಬಾಸ್ಕೆಟ್‌ಬಾಲ್ ಕ್ಲಬ್ ಕಟ್ಟಿಸುವುದೆಂದರೆ ಅವರಿಗೆ ನಂಬಲಾಗಲಿಲ್ಲ. ಇಂದು ಆ ಶಾಲೆಯ ಆವರಣದಲ್ಲಿರುವ ಒಳಾಂಗಣ ಕ್ರೀಡಾಂಗಣಕ್ಕೆ ಅವರದೇ ಹೆಸರಿದೆ.

ಆ ಶಾಲೆಯ ಹಿನ್ನೆಲೆಯನ್ನು ಮಕ್ಕಳಿಗೆ ಹೆಚ್ಚು ಹೇಳಲಿಲ್ಲ, ಆದರೆ ಈ ಪತ್ರಿಕೆಯ ಓದುಗರಿಗೆ ಹೇಳಬೇಕು. ಸ್ಪೇನಿನಲ್ಲಿ 1918ರಲ್ಲಿ ಇನ್‌ಸ್ತಿತೂತೊ-ಎಸ್ಕುವೇಲಾ ಎಂಬ ಪ್ರಯೋಗಶೀಲ ಶಾಲೆಯೊಂದು ಆರಂಭವಾಗಿತ್ತು. ಬಾಯಿಪಾಠಕ್ಕಿಂತ ಪ್ರಯೋಗಾಲಯ, ಕ್ಷೇತ್ರ ಪ್ರವಾಸ, ಆಟ ಇವಕ್ಕೆ ಅಲ್ಲಿ ಹೆಚ್ಚಿನ ಜಾಗ. ಇನ್ನೊಂದು ವಿಶೇಷವೆಂದರೆ ಪ್ರೌಢಶಾಲಾ ಅಧ್ಯಾಪಕರಾಗಬೇಕೆನ್ನುವ ಯುವಕ ಯುವತಿಯರು ಅಲ್ಲಿ ಅನುಭವಿಗಳ ಕೈಕೆಳಗೆ ಪಾಠ ಮಾಡಿ ಕಲಿಯುತ್ತಿದ್ದರು. ಅಂದರೆ ನಮ್ಮಂಥ ಪ್ರಶಿಕ್ಷಣಾರ್ಥಿಗಳು ಅಲ್ಲೂ ಇದ್ದರು. 1936ರಿಂದ 1939ರವರೆಗಿನ ಅಂತರ್ಯುದ್ಧದ ನಂತರ ಫ್ರಾಂಕೋ ಆಡಳಿತ ಆ ಶಾಲೆಯನ್ನು ಮುಂದುವರಿಸಲಿಲ್ಲ. ಅದರ ಮ್ಯಾಡ್ರಿಡ್ ಆವರಣದಲ್ಲಿಯೇ 1939ರಲ್ಲಿ ರಾಮಿರೊ ದೆ ಮಾಯೆಸ್ತು ಶಾಲೆ ಶುರುವಾಯಿತು. ಹೊಸ ಶಾಲೆಯ ಧೋರಣೆ ಬೇರೆ, ಶಿಸ್ತು ಬೇರೆ. ಹಳೆಯ ಶಾಲೆಯ ಗುಣವನ್ನೆಲ್ಲ ಹೊಸದು ಉಳಿಸಿಕೊಂಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೂ ಅಂಥ ಕಾಲದಲ್ಲಿ ಆ ಅಂಗಳದಲ್ಲಿ ಮಕ್ಕಳು ತಾವೇ ಕೂಡಿ ತಂಡ ಕಟ್ಟಿದರು, ಒಬ್ಬ ಅಧ್ಯಾಪಕ ಅದಕ್ಕೆ ಆಸರೆಯಾದರು ಎಂಬುದನ್ನು ಓದಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು.

ಅಲ್ಲಿನ ಸೌಕರ್ಯವೇನೂ ಅರಮನೆಯದಲ್ಲ. ಶಾಲೆಯ ಹಳೆಯ ಆಟದ ಮನೆಗೆ ಹುಡುಗರು ಇಟ್ಟಿದ್ದ ಹೆಸರು ‘ನೆವೇರಾ’, ಅಂದರೆ ಫ್ರಿಜ್ಜು. ಅಷ್ಟು ಚಳಿ ಅದರೊಳಗೆ. ಈ ಮಾತಿಗೆ ಇಡೀ ತರಗತಿ ನಕ್ಕಿತು. ‘ನಮ್ ಆರನೇ ರೂಮೂ ಹಂಗೇ ಮಿಸ್, ಬೇಸಿಗೇಲಿ ಒಲೆ’ ಎಂದ ಒಬ್ಬ. ಎಸ್ತುದಿಯಾಂತೆಸ್ ತಂಡವನ್ನು ಸ್ಪೇನಿನಲ್ಲಿ ಇವತ್ತಿಗೂ ‘ಶಾಲೆಯಂಗಳದ ತಂಡ’ ಎಂದು ಕರೆಯುವುದುಂಟು. ಎದುರಾಳಿಗಳು ಹೀಯಾಳಿಸಲು ಬಳಸಬಹುದಾಗಿದ್ದ ಮಾತನ್ನು ಇವರು ಹೆಮ್ಮೆಯಿಂದ ತಮ್ಮದಾಗಿ ಮಾಡಿಕೊಂಡರು.

1957ರಲ್ಲಿ ಸ್ಪೇನಿನ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಲೀಗ್ ಆರಂಭವಾದಾಗ ಎಸ್ತುದಿಯಾಂತೆಸ್ ಅದರೊಳಗಿತ್ತು. ಹುಟ್ಟಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಅಲ್ಲಿಂದ ಮುಂದೆ ಅರವತ್ತಕ್ಕೂ ಹೆಚ್ಚು ವರ್ಷ ಅದು ಮೊದಲ ದರ್ಜೆಯನ್ನು ಬಿಟ್ಟು ಕೆಳಗಿಳಿಯಲಿಲ್ಲ. ಅಷ್ಟು ಕಾಲ ಒಂದು ಋತುವನ್ನೂ ತಪ್ಪಿಸಿಕೊಳ್ಳದ ಕ್ಲಬ್ಬುಗಳು ಮೂರೇ: ರಿಯಲ್ ಮ್ಯಾಡ್ರಿಡ್, ಬಾದಲೋನಾ ಊರಿನ ಹುವೆಂತುತ್, ಮತ್ತು ಈ ಶಾಲೆಯ ತಂಡ. ಫುಟ್‌ಬಾಲಿನಿಂದ ನಮ್ಮ ಮಕ್ಕಳಿಗೂ ಪರಿಚಯವಿರುವ ಬಾರ್ಸಿಲೋನಾ ಕ್ಲಬ್ಬಿನ ಬಾಸ್ಕೆಟ್‌ಬಾಲ್ ತಂಡ ಕೂಡ ನಡುವೆ ಒಮ್ಮೆ ಕೆಳಗಿನ ದರ್ಜೆಗೆ ಇಳಿದಿತ್ತು.

‘ಹಾಗಾದ್ರೆ ಎಷ್ಟು ಸಲ ಲೀಗ್ ಗೆದ್ದವ್ರೆ ಮಿಸ್?’

‘ಒಂದು ಸಲವೂ ಇಲ್ಲ.’

ತರಗತಿ ಸುಮ್ಮನಾಯಿತು. ಗೆಲ್ಲದವರ ಕಥೆಯನ್ನು ಶನಿವಾರ ಕೂರಿಸಿಕೊಂಡು ಹೇಳುತ್ತಿದ್ದಾಳಲ್ಲ ಎಂಬ ಭಾವ ಕೆಲವರ ಮುಖದಲ್ಲಿತ್ತು. ನಾಲ್ಕು ಬಾರಿ ಅವರು ಎರಡನೆಯವರಾಗಿದ್ದಾರೆ. 1963ರಲ್ಲಿ ಒಮ್ಮೆ, ಕೊನೆಯ ಬಾರಿ 2004ರಲ್ಲಿ, ಬಾರ್ಸಿಲೋನಾ ವಿರುದ್ಧ ಐದು ಪಂದ್ಯಗಳ ಫೈನಲ್ಲಿನಲ್ಲಿ ಎರಡು ಗೆದ್ದು ಮೂರು ಸೋತು. ಸ್ಪೇನಿನ ಕಪ್ ಪಂದ್ಯಾವಳಿಯನ್ನು ಮಾತ್ರ ಮೂರು ಸಲ ಗೆದ್ದಿದ್ದಾರೆ: 1963, 1992 ಮತ್ತು 2000. 1992 ಅವರ ದೊಡ್ಡ ವರ್ಷ. ಆ ವರ್ಷ ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಪಂದ್ಯಾವಳಿಯಲ್ಲಿ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ಇಸ್ತಾಂಬುಲ್‌ಗೆ ಹೋದರು. ಸೆಮಿಫೈನಲ್ಲಿನಲ್ಲಿ ಎದುರಾದದ್ದು ತಮ್ಮದೇ ದೇಶದ ಹುವೆಂತುತ್, ಸೋತರು.

ಸೋಲಿಗೂ ಇವರಲ್ಲಿ ಒಂದು ರೀತಿಯಿದೆ. ಇವರ ಬೆಂಬಲಿಗರ ಗುಂಪಿನ ಹೆಸರು ‘ದೆಮೆನ್ಸಿಯಾ’, ಅಂದರೆ ಮರುಳು, ಹುಚ್ಚು. ಅದೂ ಆ ಶಾಲೆಯ ಹುಡುಗರ ನಡುವೆಯೇ ಹುಟ್ಟಿದ ಗುಂಪು. ಎದುರಾಳಿಯನ್ನು ಬೈಯುವುದಕ್ಕಿಂತ ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುವುದು, ಸೋಲುತ್ತಿರುವಾಗಲೂ ಹಾಡುವುದು ಅವರ ಶೈಲಿ. ನಮ್ಮ ಹಳ್ಳಿಯ ಕಬಡ್ಡಿ ಪಂದ್ಯಗಳಲ್ಲಿ ಸೋತ ಊರಿನವರು ಅಂಪೈರನ್ನು ಹಿಡಿದುಕೊಳ್ಳುವುದನ್ನು ಕಂಡಿರುವ ಮಕ್ಕಳಿಗೆ ಇದು ಬಹಳ ವಿಚಿತ್ರವೆನಿಸಿತು.

ಇಲ್ಲಿಗೆ ಬಂದಾಗ ನನಗೆ ಅತಿ ಮುಖ್ಯವೆನಿಸಿದ ಭಾಗವನ್ನು ಹೇಳಿದೆ. ಈ ಕ್ಲಬ್ ಬೆಳೆಸಿದ ಆಟಗಾರರು ಇಲ್ಲಿ ಉಳಿದದ್ದು ಕಡಿಮೆ. 1950ರ ದಶಕದಲ್ಲಿ ಇಲ್ಲಿ ಆಡಿದ ಆಂತೋನಿಯೊ ದಿಯಾಸ್-ಮಿಗೆಲ್ ಮುಂದೆ 1965ರಿಂದ 1992ರವರೆಗೆ ಸ್ಪೇನ್ ತಂಡದ ತರಬೇತುದಾರರಾದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ತಂದವರು ಅವರೇ. ಆ ಬೆಳ್ಳಿಯ ತಂಡದಲ್ಲಿದ್ದ ಫರ್ನಾಂದೊ ಮಾರ್ತಿನ್ ಕೂಡ ಎಸ್ತುದಿಯಾಂತೆಸ್‌ನಲ್ಲಿ ಬೆಳೆದವನು. 1981ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದ, 1986ರಲ್ಲಿ ಅಮೆರಿಕದ ಎನ್‌ಬಿಎಯಲ್ಲಿ ಆಡಿದ ಮೊದಲ ಸ್ಪೇನಿಗನಾದ. ಆಲ್ಬರ್ತೊ ಎರ್ರೆರೋಸ್ 1996ರಲ್ಲಿ, ಫೆಲಿಪೆ ರೇಯೆಸ್ 2004ರಲ್ಲಿ ಅದೇ ರಿಯಲ್ ಮ್ಯಾಡ್ರಿಡ್ ಸೇರಿದರು. ಒಂದೇ ಊರಿನಲ್ಲಿ ಹಣವಂತ ಕ್ಲಬ್ ಇದ್ದರೆ ಬಡ ಕ್ಲಬ್ಬಿನ ಒಳ್ಳೆಯ ಆಟಗಾರರು ಅಲ್ಲಿಗೆ ಹೋಗುವುದು ಸಹಜ. ಮತ್ತೆ ಅಂಗಳದಿಂದ ಇನ್ನೊಬ್ಬನನ್ನು ಬೆಳೆಸಬೇಕು.

ಮಕ್ಕಳಿಗೆ ಇದು ಅನ್ಯಾಯವಾಗಿ ಕಂಡಿತು. ನನಗೆ ಬೇರೆ ಕಂಡಿತು. ಶಾಲೆಯೆಂದರೆ ಇದೇ ಅಲ್ಲವೇ? ಪ್ರತಿ ವರ್ಷ ಒಳ್ಳೆಯವರನ್ನು ಕಳಿಸಿಕೊಡುವುದು, ಜೂನ್ ತಿಂಗಳಲ್ಲಿ ಮತ್ತೆ ಏನೂ ಬಾರದವರನ್ನು ಸೇರಿಸಿಕೊಳ್ಳುವುದು. ಬೆಳೆಸಿದವರನ್ನು ಉಳಿಸಿಕೊಳ್ಳುವ ಹಕ್ಕು ಮೇಷ್ಟ್ರಿಗೆ ಇಲ್ಲ. ಎಸ್ತುದಿಯಾಂತೆಸ್ ಲೀಗ್ ಗೆಲ್ಲದಿರಲು ಒಂದು ಕಾರಣ ಇದೇ ಇರಬೇಕು. ಅರವತ್ತು ವರ್ಷ ನಿಲ್ಲಲು ಕಾರಣವೂ ಇದೇ ಇರಬೇಕು. ಕೊಂಡು ತಂದ ಆಟಗಾರ ಹೋದರೆ ಜಾಗ ಖಾಲಿ. ಅಂಗಳ ಇದ್ದರೆ ಮತ್ತೊಬ್ಬ ಬರುತ್ತಾನೆ.

ಇದಕ್ಕೆ ಒಳ್ಳೆಯ ನಿದರ್ಶನ ಪೆಪು ಹೆರ್ನಾಂಡೆಸ್. ಅದೇ ಶಾಲೆಯಲ್ಲಿ ಓದಿ, ಕ್ಲಬ್ಬಿನ ಚಿಕ್ಕ ಮಕ್ಕಳ ತಂಡಗಳಿಗೆ ಕಲಿಸುತ್ತ ಮೇಲೆ ಬಂದು, ಹಿರಿಯರ ತಂಡದ ತರಬೇತುದಾರರಾದವರು. 2000ದ ಕಪ್ ಮತ್ತು 2004ರ ಫೈನಲ್ ಅವರ ಕಾಲದವು. 2006ರಲ್ಲಿ ಜಪಾನಿನಲ್ಲಿ ಸ್ಪೇನ್ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದಾಗ ತರಬೇತುದಾರರಾಗಿದ್ದವರು ಅವರು. ಫೈನಲ್ಲಿಗೆ ತಂಡದ ದೊಡ್ಡ ಆಟಗಾರ ಪಾವ್ ಗಸೋಲ್ ಗಾಯದಿಂದಾಗಿ ಆಡುವಂತಿರಲಿಲ್ಲ. ಅದೇ ಹೊತ್ತಿಗೆ ಹೆರ್ನಾಂಡೆಸರ ತಂದೆ ತೀರಿಕೊಂಡ ಸುದ್ದಿ ಬಂತು. ಆಟಗಾರರ ಮನಸ್ಸು ಕದಡಬಾರದೆಂದು ಪಂದ್ಯ ಮುಗಿಯುವವರೆಗೆ ಅದನ್ನು ಅವರಿಗೆ ಹೇಳಲಿಲ್ಲ. ಸ್ಪೇನ್ ಗ್ರೀಸನ್ನು 70–47ರಿಂದ ಸೋಲಿಸಿತು. ಆ ತಂಡದಲ್ಲಿ ಫೆಲಿಪೆ ರೇಯೆಸ್, ಕಾರ್ಲೋಸ್ ಹಿಮೆನೆಸ್, ಸೆರ್ಹಿಯೊ ರೊದ್ರಿಗೆಸ್ ಇದ್ದರು. ಮೂವರೂ ಎಸ್ತುದಿಯಾಂತೆಸ್‌ಗೆ ಆಡಿದವರೇ. ಲೀಗ್ ಗೆಲ್ಲದ ಶಾಲೆಯ ತಂಡ ತನ್ನ ದೇಶಕ್ಕೆ ವಿಶ್ವಕಪ್ ಗೆಲ್ಲಲು ಒಬ್ಬ ಮೇಷ್ಟ್ರನ್ನೂ ಮೂವರು ಶಿಷ್ಯರನ್ನೂ ಕೊಟ್ಟಿತು ಎಂದೆ. ಈ ಸಲ ಚಪ್ಪಾಳೆ ಬಿತ್ತು.

‘ಹುಡ್ಗೀರು ಆಡ್ತಿರ್ಲಿಲ್ವಾ ಮಿಸ್?’ ಕೇಳಿದ್ದು ಕಿಟಕಿ ಪಕ್ಕದ ಅದೇ ಹುಡುಗಿ.

ಇದಕ್ಕೆ ನಾನು ತಯಾರಾಗಿಯೇ ಬಂದಿದ್ದೆ. 1948ರಲ್ಲಿ ಆ ಅಂಗಳ ಹುಡುಗರದು ಮಾತ್ರ. ಫ್ರಾಂಕೋ ಕಾಲದ ಸ್ಪೇನಿನಲ್ಲಿ ಪ್ರೌಢಶಾಲೆಯ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಬೇರೆ ಬೇರೆ ಶಾಲೆ ಎಂಬುದು ನಿಯಮವಾಗಿತ್ತು. ಈಗ ಹಾಗಿಲ್ಲ. ಕ್ಲಬ್ಬಿಗೆ ಹುಡುಗ ಹುಡುಗಿಯರ ಅನೇಕ ಕಿರಿಯ ತಂಡಗಳಿವೆ. ಮಹಿಳೆಯರ ತಂಡ ಸ್ಪೇನಿನ ಅತ್ಯುನ್ನತ ಮಹಿಳಾ ಲೀಗಿನಲ್ಲಿ ಆಡುತ್ತದೆ. 2021ರಲ್ಲಿ ಗಂಡಸರ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಹೆಂಗಸರದು ಮೇಲೆಯೇ ಉಳಿಯಿತು.

ಹೌದು, ಕೊನೆಗೂ ಇಳಿಯಿತು. ಅದನ್ನು ಮುಚ್ಚಿಟ್ಟು ಕಥೆ ಮುಗಿಸಬಹುದಿತ್ತು, ಮನಸ್ಸಾಗಲಿಲ್ಲ. 2012 ಮತ್ತು 2016ರಲ್ಲಿಯೇ ತಂಡ ಪಟ್ಟಿಯ ತಳದಲ್ಲಿ ಉಳಿದು ಇಳಿಯಬೇಕಾಗಿತ್ತು. ಮೇಲೇರಬೇಕಾದ ತಂಡಗಳು ಲೀಗಿನ ಹಣಕಾಸಿನ ಷರತ್ತುಗಳನ್ನು ಪೂರೈಸಲಾಗದ್ದರಿಂದ ಆ ಎರಡು ಸಲ ಉಳಿದುಕೊಂಡಿತು. 2021ರಲ್ಲಿ ಆ ಅದೃಷ್ಟ ಇರಲಿಲ್ಲ. ವೃತ್ತಿಪರ ಲೀಗಿನಲ್ಲಿ ಅಂಗಳವೊಂದೇ ಸಾಲದು, ಹಣವೂ ಬೇಕು. ಆದರೆ ಕ್ಲಬ್ ಮುಚ್ಚಲಿಲ್ಲ. ಎರಡನೇ ದರ್ಜೆಯ ಪಂದ್ಯಗಳನ್ನು ಆಡಲು ಅದು ಮತ್ತೆ ಶಾಲೆಯ ಆವರಣದ ಮಗರಿನ್ಯೋಸ್ ಕ್ರೀಡಾಂಗಣಕ್ಕೆ ಬಂತು. ಬಿದ್ದಾಗ ಹೋಗಿ ನಿಲ್ಲಲು ಅದಕ್ಕೊಂದು ಮನೆಯಿತ್ತು.

ಕಥೆ ಮುಗಿಸಿ, ಮೌಲ್ಯಮಾಪನದ ಹಂತವೆಂದು ಅಭ್ಯಾಸಬಲದಿಂದ ‘ಇದರಿಂದ ನಮಗೇನು ತಿಳಿಯಿತು?’ ಎಂದು ಕೇಳಿದೆ. ಕಷ್ಟಪಟ್ಟರೆ ಫಲವಿದೆ, ಒಗ್ಗಟ್ಟಿನಲ್ಲಿ ಬಲವಿದೆ ಎಂಬಂಥ ಉತ್ತರಗಳು ಬಂದವು. ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು.

‘ಹಂಗಾದ್ರೆ ನೀವ್ಯಾಕೆ ಮಿಸ್ ನಮ್ ಗೇಮ್ಸ್ ಪೀರಿಯಡ್ ತಗೊಂಡ್ರಿ?’

ಒರಟುತನ ಇರಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದಳು. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನೆ ಕೇಳುವ ಕೌಶಲಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು. ಉತ್ತರ ಕೊಡುವುದು ಹೇಗೆಂದು ಗೊತ್ತಾಗಲಿಲ್ಲ. ‘ತಪ್ಪಾಯ್ತು, ನೋಡೋಣ’ ಎಂದೆ. ಗಂಟೆ ಹೊಡೆಯಿತು.

ಸೋಮವಾರ ಮಾರ್ಗದರ್ಶಕ ಶಿಕ್ಷಕಿಯ ಬಳಿ ಹೋದೆ. ‘ಮೇಡಂ, ಗುರುವಾರದ ಅವಧಿ ಮಕ್ಕಳಿಗೇ ಬಿಡ್ತೀನಿ’ ಎಂದಾಗ ಅವರು ಕೋಪಿಸಿಕೊಳ್ಳಲಿಲ್ಲ. ‘ನಿನ್ನ ವಯಸ್ಸಲ್ಲಿ ನಾನೂ ಹಿಂಗೇ ಅನ್ಕೊಂಡಿದ್ದೆ ಕಣಮ್ಮ. ರಿಸಲ್ಟ್ ಕೇಳೋರು ಯಾರೂ ಆಟ ಕೇಳಲ್ಲ. ಪೋರ್ಷನ್ ಮುಗಿಸ್ತೀಯಾ, ಹೇಳು’ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಪಿ.ಟಿ. ಮೇಷ್ಟ್ರನ್ನು ಬಿಸಿಯೂಟದ ಲೆಕ್ಕ ಬರೆಯಲು ಕೂರಿಸಿರುವ ಶಾಲೆಯಲ್ಲಿ ಆಟದ ಅವಧಿ ಎಲ್ಲರಿಗೂ ಸುಲಭವಾಗಿ ಸಿಗುವ ಅವಧಿ.

ನನ್ನ ಸಹಪಾಠಿಯೊಬ್ಬರು ನಡುದಾರಿಯೊಂದನ್ನು ಸೂಚಿಸಿದರು: ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು, ಚೆಂಡು ನೆಲಕ್ಕೆ ಬಡಿದು ಮೇಲೇಳುವುದನ್ನು ತೋರಿಸಿ ಕ್ರಿಯೆ–ಪ್ರತಿಕ್ರಿಯೆ ಕಲಿಸಿಬಿಡು, ವೀಕ್ಷಕರಿಗೂ ಇಷ್ಟವಾಗುತ್ತದೆ. ಒಳ್ಳೆಯ ಪಾಠವೇ ಆಗುತ್ತಿತ್ತು. ಆದರೆ ಅದನ್ನು ಮಾಡಬೇಕಾದದ್ದು ನನ್ನ ವಿಜ್ಞಾನದ ಅವಧಿಯಲ್ಲಿ. ಆಟದ ಅವಧಿಯಲ್ಲಿ ಮಾಡಿದರೆ ಅದು ಅದೇ ಕಳ್ಳತನ, ಸ್ವಲ್ಪ ಬಿಸಿಲಿನಲ್ಲಿ ಮಾಡಿದ್ದು ಅಷ್ಟೇ. ಆಟದಿಂದ ವಿಜ್ಞಾನಕ್ಕೆ ಏನು ಉಪಯೋಗ ಎಂದು ನಾವು ಸದಾ ಕೇಳುತ್ತೇವೆ. ಆಟ ಆಟಕ್ಕಾಗಿಯೇ ಇರಬಹುದೆಂದು ಒಪ್ಪಿಕೊಳ್ಳುವುದು ನಮ್ಮಂಥ ವಿಷಯ ಶಿಕ್ಷಕರಿಗೆ ಕಷ್ಟ.

ಉಳಿದ ಐದು ಗುರುವಾರ ಏಳನೇ ಅವಧಿಯನ್ನು ಮುಟ್ಟಲಿಲ್ಲ. ಬದಲಿಗೆ ವಾರಕ್ಕೆ ಎರಡು ದಿನ ಬೆಳಗಿನ ಪ್ರಾರ್ಥನೆಗೆ ಮೊದಲು ಅರ್ಧ ಗಂಟೆ ಪಾಠ ತೆಗೆದುಕೊಂಡೆ. ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು ಅದಕ್ಕೆ ಸಿಗಲಿಲ್ಲ. ಅವರಿಗೆ ಊಟದ ವಿರಾಮದಲ್ಲಿ ಹೇಳಿಕೊಟ್ಟೆ. ‘ಕೆಲಸ ಮತ್ತು ಶಕ್ತಿ’ ಘಟಕ ಒಂದು ಪಾಠದಷ್ಟು ಬಾಕಿಯೇ ಉಳಿಯಿತು. ವೀಕ್ಷಣಾ ಪುಸ್ತಕದಲ್ಲಿ ನಮ್ಮ ಉಪನ್ಯಾಸಕರು ‘ಸಮಯ ನಿರ್ವಹಣೆಯ ಕಡೆ ಗಮನವಿರಲಿ’ ಎಂದು ಬರೆದರು. ಆ ಷರಾ ನ್ಯಾಯವಾದದ್ದೇ. ಇನ್ನೊಂದು ಸಲ ಘಟಕ ಯೋಜನೆ ಬರೆಯುವಾಗ ಮೊದಲೇ ಆಟದ ಅವಧಿಯನ್ನು ಲೆಕ್ಕದಿಂದ ಹೊರಗಿಟ್ಟು ಬರೆಯುತ್ತೇನೆ.

ಗುರುವಾರಗಳಲ್ಲಿ ನಾನು ಅಂಗಳದ ಬೇವಿನ ಮರದ ಕೆಳಗೆ ಕೂತಿರುತ್ತಿದ್ದೆ. ಆ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಕಂಬವಿಲ್ಲ. ಮಕ್ಕಳು ಥ್ರೋಬಾಲ್, ಖೋ-ಖೋ ಆಡಿದರು. ಅವರಲ್ಲಿ ಯಾರೂ ದೇಶಕ್ಕೆ ಆಡುವವರಾಗದೆ ಇರಬಹುದು. ರಾಮಿರೊ ಶಾಲೆಯ ಅಂಗಳದಲ್ಲಿ ಓಡಿದ ಬಹುಪಾಲು ಹುಡುಗರೂ ಆಗಲಿಲ್ಲ. ಮಗರಿನ್ಯೋಸ್ ಲ್ಯಾಟಿನ್ ಪಾಠವನ್ನು ಹೇಗೆ ಮಾಡುತ್ತಿದ್ದರೆಂದು ನಾನು ಹುಡುಕಲಿಲ್ಲ. ಅವರ ಹೆಸರು ನಿಂತಿರುವುದು ಮಕ್ಕಳು ಓಡಾಡುವ ಒಂದು ಜಾಗದ ಮೇಲೆ.

ಕೊನೆಯ ಗುರುವಾರ ಕಿಟಕಿ ಪಕ್ಕದ ಹುಡುಗಿ ಮರದ ಹತ್ತಿರ ಬಂದು, ‘ಮಿಸ್, ಒಬ್ರು ಕಮ್ಮಿ ಇದೀವಿ, ಬರ್ತೀರಾ?’ ಎಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ನಮ್ಮ ಕಡೆಯವರು ಸೋತೆವು.